ಲಿಂಟಲ್ ಒಡೆಸಿ ಕಮಾನು ಮಾಡಿಸೋ ಮುಂಚೆ ನಮ್ಮ ಮನೆ ಕಥೆ ಕೇಳಿ

ಹಾಲ್‌ಗೂ ಅಡುಗೆಮನೆಗೂ ನಡುವೆ 3 ಅಡಿಯ ಬಾಗಿಲಿತ್ತು, ಅದರ ಮೇಲೆ ಭಾರ ಹೊರೋಕೆ ಒಂದು ಕಾಂಕ್ರೀಟ್ ಅಡ್ಡತೊಲೆ, ಅಂದ್ರೆ ಲಿಂಟಲ್. ಬಾಗಿಲನ್ನು 6 ಅಡಿ ಮಾಡಿ ಮೇಲೊಂದು ಕಮಾನು ಬರಿಸಬೇಕು ಅನ್ನೋ ಹುಚ್ಚು ನನಗೆ ಹತ್ತಿತು. ನಮ್ಮದು ಪಿಲ್ಲರ್ ಮನೆಯಲ್ಲ. 9 ಇಂಚಿನ ಇಟ್ಟಿಗೆ ಗೋಡೆಯ ಮೇಲೇ ತಾರಸಿ ಕೂತಿದೆ, ಅದರ ಮೇಲೆ ಇನ್ನೊಂದು ಮಹಡಿ. ಇದು ನನಗೂ ಗೊತ್ತಿತ್ತು, ಮೇಸ್ತ್ರಿಗೂ ಗೊತ್ತಿತ್ತು. ಇಬ್ಬರೂ ಅದರ ಮಾತೇ ಎತ್ತಲಿಲ್ಲ.

"ಕಮಾನು ಬಂದ್ಮೇಲೆ ಲಿಂಟಲ್ ಯಾಕೆ ಸಾರ್, ಅದೇ ಭಾರ ಹೊರುತ್ತೆ" ಅಂದರು ಮೇಸ್ತ್ರಿ. ಮಾತು ಸುಳ್ಳಲ್ಲ. ಅದಕ್ಕೇ ನಾನು ನಂಬಿದ್ದು.

ಹಳೇ ಲಿಂಟಲ್ ಒಡೆಯೋಕೆ ಎರಡು ದಿನ ಹಿಡಿಯಿತು. ಇಷ್ಟು ಗಟ್ಟಿ ಇರೋದನ್ನ ಯಾಕೆ ಒಡೀತಿದ್ದೀವಿ ಅಂತ ಆಗಲೇ ಹೊಳೆಯಬೇಕಿತ್ತು. ಆಮೇಲೆ ಪ್ಲೈವುಡ್ ಬಗ್ಗಿಸಿ ಇಟ್ಟರು, ಅದರ ಮೇಲೆ ಇಟ್ಟಿಗೆ ಕಟ್ಟಿದರು, ಗಾರೆ ಬಳಿದು ನುಣ್ಣಗೆ ಮಾಡಿದರು. ನಾಲ್ಕನೇ ದಿನ ಸೆಂಟ್ರಿಂಗ್, ಅಂದ್ರೆ ಕೆಳಗಿನ ಆ ಪ್ಲೈವುಡ್ ಆಸರೆ, ಬಿಚ್ಚಿದರು. ನೋಡೋಕೆ ಬಹಳ ಚೆಂದ ಇತ್ತು.

ಮೂರು ವಾರಕ್ಕೆ ಕಮಾನಿನ ಎಡಗಡೆ ಕೂದಲೆಳೆಯಷ್ಟು ಬಿರುಕು ಬಂತು. "ಪ್ಲಾಸ್ಟರ್ ಒಣಗಿದ್ದು, ಪುಟ್ಟಿ ಹಾಕಿ" ಅಂದರು ಮೇಸ್ತ್ರಿ. ಹಾಕಿದೆ. ಪುಟ್ಟಿ ಸೀಳಿಕೊಂಡೇ ಮತ್ತೆ ಬಂತು, ಈ ಸಲ ಓರೆಯಾಗಿ, ಮೆಟ್ಟಿಲು ಮೆಟ್ಟಿಲಾಗಿ ತಾರಸಿ ಕಡೆಗೆ. ಬಿರುಕಿನ ತುದಿಗೆ ಪೆನ್ಸಿಲ್‌ನಲ್ಲಿ ಗೀಟು ಎಳೆದು ತಾರೀಖು ಬರೆದೆ. ಒಂಬತ್ತು ದಿನದಲ್ಲಿ ಅದು ಗೀಟು ದಾಟಿ ನಾಲ್ಕು ಬೆರಳು ಮುಂದೆ ಹೋಗಿತ್ತು. ಅಷ್ಟರಲ್ಲಿ ಮಹಡಿಯ ಬಚ್ಚಲಿನ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳೋಕೆ ಶುರುವಾಯಿತು. ಆವತ್ತೇ ಎಂಜಿನಿಯರ್‌ಗೆ ಫೋನ್ ಮಾಡಿದೆ.

ಬಂದವರು ಮೊದಲು ಮಾಡಿಸಿದ್ದು ಒಂದೇ ಕೆಲಸ, ತಾರಸಿ ಕುಸಿಯದ ಹಾಗೆ ಕೆಳಗಿನಿಂದ ಜಾಕ್ ಆಸರೆ ಕೊಡಿಸಿದ್ದು. ಮಿಕ್ಕ ಮಾತೆಲ್ಲ ಆಮೇಲೆ.

ಪ್ಲಾಸ್ಟರ್ ಕೆತ್ತಿ ನೋಡಿದರೆ ಅಲ್ಲಿ ಕಮಾನೇ ಇರಲಿಲ್ಲ! ನಿಜವಾದ ಕಮಾನಲ್ಲಿ ಇಟ್ಟಿಗೆಗಳು ಬೀಸಣಿಗೆ ಕಡ್ಡಿಗಳ ಹಾಗೆ ಸುತ್ತ ನಿಂತು ಒಂದನ್ನೊಂದು ಒತ್ತಿಕೊಂಡಿರುತ್ತವೆ. ನಮ್ಮಲ್ಲಿ ಮಾಮೂಲಿ ಗೋಡೆಯ ಹಾಗೆ ಅಡ್ಡ ಮಲಗಿಸಿ, ಅಂಚು ಒಡೆದು ಬಾಗು ತೋರಿಸಿದ್ದರು. ಸುಮ್ನೆ ವೇಷ.

"ಸರಿಯಾಗಿ ಕಟ್ಟಿದ್ರೂ ಇಲ್ಲಿ ನಿಲ್ತಿರಲಿಲ್ಲ" ಅಂದರು ಅವರು. ಶೆಲ್ಫಿನಿಂದ ಏಳೆಂಟು ಪುಸ್ತಕ ತೆಗೆದು, ಸಾಲಾಗಿ ಜೋಡಿಸಿ, ಎರಡೂ ಅಂಗೈಯಿಂದ ಒತ್ತಿ ಎತ್ತಿ ಹಿಡಿದರು. ಒಂದು ಕೈ ಸ್ವಲ್ಪ ಸಡಿಲ ಮಾಡಿದ್ದೇ ತಡ, ಎಲ್ಲ ನೆಲಕ್ಕೆ. ಕಮಾನು ಭಾರವನ್ನು ಕೆಳಗೆ ಮಾತ್ರ ಇಳಿಸಲ್ಲ, ಎರಡೂ ಪಕ್ಕಕ್ಕೆ ತಳ್ಳುತ್ತದೆ. ಆ ತಳ್ಳನ್ನು ತಡೆಯೋಕೆ ಎರಡೂ ಕಡೆ ಭಾರಿ ಗೋಡೆ ಬೇಕು. ನಮಗೆ ಬಲಗಡೆ ಉದ್ದದ ಗೋಡೆ ಇತ್ತು. ಎಡಗಡೆ ಮನೆಯ ಮೂಲೆವರೆಗೆ ಉಳಿದಿದ್ದು ಒಂದಡಿ ಗೋಡೆ, ಅಷ್ಟೇ. ಅದು ಹೊರಗೆ ವಾಲುತ್ತಿತ್ತು. ಸಾಲದ್ದಕ್ಕೆ ತಾರಸಿ ತಗ್ಗು ಅಂತ ಕಮಾನಿನ ಎತ್ತರ ಒಂದೇ ಅಡಿ ಇಟ್ಟಿದ್ದೆವು. ಅಗಲ, ಭಾರ ಅಷ್ಟೇ ಇದ್ದು ಎತ್ತರ ಅರ್ಧ ಆದರೆ ಪಕ್ಕದ ತಳ್ಳು ಹೆಚ್ಚುಕಮ್ಮಿ ಎರಡರಷ್ಟಾಗುತ್ತಂತೆ.

ಲಿಂಟಲ್ ಹೀಗೆ ಪಕ್ಕಕ್ಕೆ ತಳ್ಳಲ್ಲ, ನೆಟ್ಟಗೆ ಕೆಳಕ್ಕೇ ಕೂರುತ್ತದೆ. ಆದರೆ ಅದು ಬಾಗುತ್ತದೆ, ಬಾಗಿದಾಗ ಅದರ ಕೆಳಮೈ ಎಳೆತಕ್ಕೆ ಸಿಗುತ್ತದೆ. ಕಾಂಕ್ರೀಟ್ ಒತ್ತಡ ಎಷ್ಟು ತಡೆಯುತ್ತೋ, ಎಳೆತ ತಡೆಯೋದು ಅದರ ಸುಮಾರು ಹತ್ತನೇ ಒಂದು ಪಾಲು. ಅದಕ್ಕೇ ಅಲ್ವಾ ಅದರೊಳಗೆ ಕಂಬಿ ಹಾಕೋದು. ಅಗಲ ಎರಡರಷ್ಟಾದರೆ, ಅಡಿಗಿಷ್ಟು ಅನ್ನೋ ಭಾರ ಅದೇ ಇದ್ದರೂ, ಬಾಗಿಸೋ ಜೋರು ನಾಲ್ಕರಷ್ಟಾಗುತ್ತದೆ. 3 ಅಡಿಯ ಲಿಂಟಲ್ ಲೆಕ್ಕ ಇಟ್ಟುಕೊಂಡು 6 ಅಡಿಗೆ ಕೈ ಹಾಕಬೇಡಿ. ಮೇಲೆ ಇಟ್ಟಿಗೆ ಗೋಡೆ ಸಾಕಷ್ಟು ಎತ್ತರ ಇದ್ದರೆ ಅದೇ ಒಳಗೊಳಗೆ ಕಮಾನಿನ ಹಾಗೆ ಭಾರ ಹಂಚಿ, ಲಿಂಟಲ್ ಮೇಲೆ ಒಂದು ತ್ರಿಕೋನದಷ್ಟು ಭಾರ ಮಾತ್ರ ಬೀಳುತ್ತದೆ. ನಮ್ಮಲ್ಲಿ ಕಮಾನಿಗೂ ತಾರಸಿಗೂ ನಡುವೆ ಇದ್ದದ್ದು ಮೂರು ವರಸೆ ಇಟ್ಟಿಗೆ. ತಾರಸಿ ಭಾರ ನೇರವಾಗಿ ಅದರ ಮೇಲೇ.

ರಿಪೇರಿಗೆ ಇದ್ದ ದಾರಿ ಅಂದ್ರೆ ಬಾಗಿಲಿನ ಅಗಲವನ್ನು 4 ಅಡಿಗೆ ಇಳಿಸೋದು. ಎಡಗಡೆ ಗೋಡೆ ಅಗಲ ಮಾಡಿ, ಹೊಸ ಲಿಂಟಲ್ ಎರಡೂ ಕಡೆ 9 ಇಂಚು ಗೋಡೆ ಮೇಲೆ ಕೂರುವ ಹಾಗೆ ಮಾಡಿದೆವು. 6 ಇಂಚಿಗಿಂತ ಕಡಿಮೆ ಅಂದ್ರೆ ಒಪ್ಪಲೇಬೇಡಿ. ಇಲ್ಲೂ ಒಂದು ಎಡವಟ್ಟು ತಪ್ಪಿತು. ಕಂಬಿ ಕಟ್ಟೋ ಹುಡುಗ ದಪ್ಪ ಕಂಬಿಗಳನ್ನೆಲ್ಲ ಮೇಲ್ಗಡೆ ಕಟ್ಟಿದ್ದ! ಅವನಿಗೆ ಸಜ್ಜದ ಕೆಲಸ ರೂಢಿ. ಹೊರಗೆ ಚಾಚಿದ ಸಜ್ಜಕ್ಕೆ ಎಳೆತ ಮೇಲ್ಗಡೆ ಬರುತ್ತದೆ, ಅಲ್ಲಿ ಅದೇ ಸರಿ. ಎರಡು ಗೋಡೆ ಮೇಲೆ ಕೂತ ಲಿಂಟಲ್‌ಗೆ ದಪ್ಪ ಕಂಬಿ ಕೆಳಗೇ ಇರಬೇಕು, ಕಂಬಿ ತಳಕ್ಕೆ ತಾಗದ ಹಾಗೆ ಕೆಳಗೆ ಕವರಿಂಗ್ ಬ್ಲಾಕ್ ಅನ್ನೋ ಚಿಕ್ಕ ತುಂಡುಗಳನ್ನು ಇಟ್ಟು. ಕಾಂಕ್ರೀಟ್ ಸುರಿಯೋ ಮುಂಚೆ ಬಗ್ಗಿ ನೋಡಿ, ಆಮೇಲೆ ಕಾಣಲ್ಲ. ಜಾಕ್ ಅನ್ನು ಎಂಜಿನಿಯರ್ 14 ದಿನ ತೆಗೆಯಲು ಬಿಡಲಿಲ್ಲ.

ಈಗ ಲಿಂಟಲ್ ಕೆಳಗೆ ಜಿಪ್ಸಮ್ ಬೋರ್ಡಿನ ಕಮಾನು ತೂಗುಬಿಟ್ಟಿದ್ದೇವೆ. ಅದೂ ವೇಷವೇ, ಆದರೆ ಅದರ ಮೇಲೆ ಯಾವ ಭಾರವೂ ಇಲ್ಲ. ಹಳೇ ಬಿರುಕು ಮುಚ್ಚಿಸಿ ಅದರ ಪಕ್ಕ ಹೊಸ ಗೀಟು, ಹೊಸ ತಾರೀಖು ಹಾಕಿದ್ದೇನೆ. ಎಂಟು ತಿಂಗಳಾಯಿತು, ಇನ್ನೂ ಏನೂ ದಾಟಿಲ್ಲ. ಆ ಗೋಡೆಗೆ ಮಾತ್ರ ಇನ್ನೂ ಬಣ್ಣ ಹೊಡೆಸಿಲ್ಲ.