ಎಂಸಿಜಿ: ಹೆಸರಲ್ಲಿ ಕ್ರಿಕೆಟ್, ಜನ ಸೇರುವುದು ಫುಟಿಗೆ

ಮೆಲ್ಬರ್ನ್ ಕ್ರಿಕೆಟ್ ಗ್ರೌಂಡ್ ಅಂದ್ರೆ ನಮಗೆ ಬಾಕ್ಸಿಂಗ್ ಡೇ ಟೆಸ್ಟ್. 2014ರಲ್ಲಿ ರಾಹುಲ್, 2018ರಲ್ಲಿ ಮಯಾಂಕ್, ಕರ್ನಾಟಕದ ಇಬ್ಬರು ಟೆಸ್ಟ್‌ಗೆ ಕಾಲಿಟ್ಟಿದ್ದು ಇಲ್ಲೇ. ಹಾಗಾಗಿ ಡಿಸೆಂಬರ್‌ನಲ್ಲೇ ಹೋಗಬೇಕು ಅಂತ ಅನ್ನಿಸುವುದು ಸಹಜ. ಆದ್ರೆ ಒಂದೇ ಒಂದು ಮ್ಯಾಚ್ ನೋಡಲು ಸಮಯ ಇದೆ ಅಂದ್ರೆ ನಾನು ಹೇಳುವುದು, ಅಲ್ಲಿನ ಚಳಿಗಾಲದಲ್ಲಿ, ಅಂದ್ರೆ ಜೂನ್‌ನಿಂದ ಆಗಸ್ಟ್ ಒಳಗೆ, ಹೋಗಿ ಫುಟಿ ನೋಡಿ.

ಫುಟಿ ಅಂದ್ರೆ ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್. ಅದರ ದೊಡ್ಡ ಲೀಗ್ ಎಎಫ್‌ಎಲ್‌ನ 18 ತಂಡಗಳಲ್ಲಿ 9 ಈ ಊರಿನವೇ. ಗ್ರ್ಯಾಂಡ್ ಫೈನಲ್ ಹಿಂದಿನ ದಿನ ಇಡೀ ರಾಜ್ಯಕ್ಕೆ ರಜೆ. (ಕುದುರೆ ರೇಸಿಗೂ ರಜೆ ಕೊಡುವ ಊರು ಇದು, ಆ ಮಾತು ಬೇರೆ.) 2015ರ ವಿಶ್ವಕಪ್ ಫೈನಲ್‌ಗೆ ಇಲ್ಲಿ 93,013 ಜನ ಸೇರಿದ್ದರು, 2023ರ ಫುಟಿ ಫೈನಲ್‌ಗೆ 1,00,024. ಕ್ರಿಕೆಟ್ ಪಿಚ್ ಕೂಡ ಇಲ್ಲಿ ಕಾಯಂ ಅಲ್ಲ, ಬೇರೆ ಕಡೆ ಬೆಳೆಸಿ, ಸೀಸನ್ ಬಂದಾಗ ತಂದು ಕೂರಿಸುತ್ತಾರೆ.

ಗ್ರೌಂಡ್ ವಿಪರೀತ ದೊಡ್ಡದು, ಅದೇ ಕ್ರಿಕೆಟ್‌ಗೆ ಕಷ್ಟ. ಆಟವೆಲ್ಲ ನಡುವಿನ 22 ಗಜದಲ್ಲಿ, ನೀವು ಮೇಲಿನ ಸ್ಟ್ಯಾಂಡಿನಲ್ಲಿ, ಚೆಂಡು ಸ್ವಿಂಗ್ ಆಯ್ತಾ ಇಲ್ವಾ ಅಂತ ತಿಳಿಯಲು ದೊಡ್ಡ ಪರದೆಯನ್ನೇ ನೋಡಬೇಕು. ಫುಟಿಯಲ್ಲಿ ಹಾಗಲ್ಲ. ಒಂದೊಂದು ತಂಡದಿಂದ 18 ಜನ ಇಡೀ ಮೈದಾನ ಓಡುತ್ತಾರೆ, ಆಫ್‌ಸೈಡ್ ಇಲ್ಲ, ಚೆಂಡು ಈ ತುದಿಯಿಂದ ಆ ತುದಿಗೆ ಹಾರುತ್ತಿರುತ್ತದೆ, ಅದಕ್ಕೆ ಮೇಲಿನ ಸೀಟೇ ಚೆಂದ, ಯಾರು ಖಾಲಿ ಜಾಗಕ್ಕೆ ಓಡುತ್ತಿದ್ದಾರೆ ಅಂತ ಮೊದಲೇ ಕಾಣುತ್ತದೆ. ನಿಯಮ ಗೊತ್ತಿಲ್ಲದಿದ್ದರೂ ಪರವಾಗಿಲ್ಲ. ಒಂದೊಂದು ತುದಿಯಲ್ಲೂ ನಾಲ್ಕು ಕಂಬ, ನಡುವಿನ ಎರಡು ಎತ್ತರದ ಕಂಬಗಳ ಮಧ್ಯೆ ಒದ್ದರೆ 6 ಪಾಯಿಂಟ್, ಪಕ್ಕದ ಸಂದಿಯಲ್ಲಿ ಹೋದ್ರೆ 1, ಶುರುವಿಗೆ ಇಷ್ಟು ಸಾಕು.

ನನಗೆ ಜಾಸ್ತಿ ಇಷ್ಟವಾದದ್ದು ಜನ. ಎರಡೂ ತಂಡದ ಅಭಿಮಾನಿಗಳು ಅಕ್ಕಪಕ್ಕದಲ್ಲೇ ಕೂರುತ್ತಾರೆ, ಬೇರೆ ಬೇರೆ ಬ್ಲಾಕ್ ಅಂತ ಇಲ್ಲ. ಚೆಂಡು ಹಿಡಿದವನನ್ನು ಯಾರಾದರೂ ಕೆಡವಿದರೆ ಸಾಕು, ಸ್ಟೇಡಿಯಂಗೆ ಸ್ಟೇಡಿಯಮ್ಮೇ 'ಬಾಲ್!' (ಚೆಂಡು ಬಿಡದೆ ಹಿಡಿದಿದ್ದಾನೆ, ಫ್ರೀ ಕಿಕ್ ಕೊಡಿ ಅಂತ ಅರ್ಥ) ಅಂತ ಅಂಪೈರ್ ಮೇಲೆ ಕೂಗುತ್ತದೆ, ಅಜ್ಜಿಯರೂ ಸೇರಿ. ಗೆದ್ದ ತಂಡದ ಹಾಡು ಹಾಕುತ್ತಾರೆ, ಅದು ಮುಗಿಯುವವರೆಗೆ ಏಳಬೇಡಿ.

ಓಡಾಟಕ್ಕೆ ತೊಂದರೆ ಇಲ್ಲ, ರಿಚ್‌ಮಂಡ್, ಜೋಲಿಮಾಂಟ್ ಎರಡೂ ಸ್ಟೇಷನ್ ನಡೆದು ಹೋಗುವಷ್ಟು ಹತ್ತಿರ. ಸಂಜೆ ಮ್ಯಾಚ್ ಆದ್ರೆ ದಪ್ಪ ಜಾಕೆಟ್ ಬೇಕೇ ಬೇಕು. ಕಾಲಿಂಗ್‌ವುಡ್, ಕಾರ್ಲ್‌ಟನ್ ತಂಡಗಳು ಎದುರಾಗುವ ದಿನ ಸಿಕ್ಕರೆ ಬಿಡಬೇಡಿ, ಹಳೇ ಜಿದ್ದು ಅದು. ಟಿಕೆಟ್ ಮಾತ್ರ ಮೊದಲೇ ತೆಗೆದುಕೊಳ್ಳಿ.