ಅಧ್ಯಾಯಕ್ಕೊಂದು ಪರಿವಿಡಿ: ಇನ್‌ಡಿಸೈನಾ, ಸ್ಕ್ರೈಬಸ್ಸಾ, ರೈಟರ್ರಾ?

ಮುಂಬೈಯ ಮಾಟುಂಗಾ, ಡೊಂಬಿವಲಿ ಕಡೆ ಕನ್ನಡ ಸಂಘದ ಸ್ಮರಣ ಸಂಚಿಕೆ ಮಾಡೋರು ಪ್ರತಿ ವಿಭಾಗದ ಶುರುವಲ್ಲೂ ಚಿಕ್ಕ ಪರಿವಿಡಿ ಬೇಕು ಅಂತಾರಲ್ಲ, ಅವ್ರಿಗೆ ಇದು.

ದುಡ್ಡಿದ್ರೆ ಅಡೋಬಿಯ ಪುಟವಿನ್ಯಾಸ ತಂತ್ರಾಂಶ ಇನ್‌ಡಿಸೈನೇ. ಒಂದೊಂದು ಅಧ್ಯಾಯ ಬೇರೆ ಬೇರೆ ಫೈಲ್ ಮಾಡಿ, ಎಲ್ಲಾನೂ ಒಂದು ಬುಕ್ ಫೈಲಿಗೆ ಸೇರಿಸಿ, ತಲೆಬರಹಗಳಿಗೆ ಪ್ಯಾರಾಗ್ರಾಫ್ ಸ್ಟೈಲ್ (ಹೆಸರಿಟ್ಟ ಫಾಂಟ್-ಅಳತೆ ಸೆಟ್ಟಿಂಗ್) ಕೊಟ್ಟು ಲೇಔಟ್ ಮೆನುವಿಂದ ಟೇಬಲ್ ಆಫ್ ಕಂಟೆಂಟ್ಸ್ ತೆಗೀರಿ, ಅಲ್ಲಿ 'ಇನ್‌ಕ್ಲೂಡ್ ಬುಕ್ ಡಾಕ್ಯುಮೆಂಟ್ಸ್' ಟಿಕ್ ಇಲ್ದಿದ್ರೆ ಆ ಅಧ್ಯಾಯದ್ದಷ್ಟೇ ಬರುತ್ತೆ, ಇದ್ರೆ ಇಡೀ ಪುಸ್ತಕದ್ದು. ಪುಟ ಸರಿದಾಗ ತಾನಾಗೇ ಬದಲಾಗಲ್ಲ, ಅಪ್‌ಡೇಟ್ ಕೊಡಲೇಬೇಕು. ಯೂನಿಕೋಡ್ ಕನ್ನಡಕ್ಕೆ ವರ್ಲ್ಡ್-ರೆಡಿ ಕಂಪೋಸರ್ (ನಮ್ಮ ಲಿಪಿಗಳನ್ನ ಸರಿಯಾಗಿ ಜೋಡಿಸೋ ಸೆಟ್ಟಿಂಗ್) ಆನ್ ಇರ್ಲಿ, ಇಲ್ಲಾಂದ್ರೆ ಒತ್ತಕ್ಷರ ಚೆಲ್ಲಾಪಿಲ್ಲಿ. ಹಳೇ ಆಸ್ಕಿ (ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡ ಕೂರಿಸಿದ) ನುಡಿ ಫಾಂಟ್ ಬಳಸಿದ್ರಂತೂ ಪರಿವಿಡಿ ಸ್ಟೈಲಿಗೂ ಅದೇ ಫಾಂಟ್ ಹಾಕಿ, ಪಿಡಿಎಫ್ ಬುಕ್‌ಮಾರ್ಕಲ್ಲಿ ಮಾತ್ರ ಇಂಗ್ಲಿಷ್ ಕಸವೇ ಕಾಣೋದು.

ಸ್ಕ್ರೈಬಸ್ಸೂ ಪುಟವಿನ್ಯಾಸ ತಂತ್ರಾಂಶವೇ, ಫ್ರೀ, ಆದ್ರೆ ಅದರ 1.4, 1.5 ಆವೃತ್ತಿಗಳಲ್ಲಿ ಪರಿವಿಡಿ ಸ್ಟೈಲಿಂದ ಬರಲ್ಲ, ಒಂದೊಂದು ಫ್ರೇಮಿಗೂ (ಪಠ್ಯದ ಚೌಕ) ಆಟ್ರಿಬ್ಯೂಟ್ (ಗುರುತು) ಕೊಡ್ತಾ ಕೂರ್ಬೇಕು. ನಾನಂತೂ ಯಾರಿಗೂ ಹೇಳಲ್ಲ.

ಲಿಬ್ರೆಆಫೀಸ್ ರೈಟರ್ ಡಿಟಿಪಿ (ಪುಟವಿನ್ಯಾಸ) ತಂತ್ರಾಂಶ ಅಲ್ಲ ನಿಜ, ಆದ್ರೆ ಪರಿವಿಡಿ ಡೈಲಾಗಲ್ಲಿ 'ಚಾಪ್ಟರ್' ಅಂತ ಆರಿಸಿದ್ರೆ ಒಂದೇ ಫೈಲಲ್ಲೇ ಕೆಲ್ಸ ಆಗುತ್ತೆ. ಬರೀ ಲೇಖನಗಳ ಸಂಚಿಕೆಗೆ ಸಾಕು, ಜಾಹೀರಾತು ಪುಟ ಜಾಸ್ತಿ ಇದ್ರೆ ಬೇಡ.