ಫೋನಿನ ಫೋಟೋ ಆಫೀಸ್ ಕಂಪ್ಯೂಟರಿಗೆ: ಆರು ದಾರಿ, ಒಂದೇ ಲಾರಿ

ಹುಬ್ಬಳ್ಳಿಯಲ್ಲಿ ವಾಹನ ವಿಮೆಯ ಸರ್ವೆ ಮಾಡುವ ಕೆಲಸ ನನ್ನದು. ಅಪಘಾತವಾದ ಗಾಡಿ ಗ್ಯಾರೇಜಿಗೆ ಬಂದ ಮೇಲೆ ಹೋಗಿ ನೋಡಬೇಕು, ಫೋಟೋ ತೆಗೆಯಬೇಕು, ಆಫೀಸಿಗೆ ಬಂದು ವರದಿ ಬರೆಯಬೇಕು. ಫೋಟೋ ಎಲ್ಲ ಇರುವುದು ಫೋನಿನಲ್ಲಿ. ವರದಿ ಬರೆಯುವುದು ಆಫೀಸಿನ ಕಂಪ್ಯೂಟರಿನಲ್ಲಿ. ಆ ಕಂಪ್ಯೂಟರಿಗೆ ಪೆನ್ ಡ್ರೈವ್ ಚುಚ್ಚಿದರೆ ತೆರೆಯುವುದಿಲ್ಲ. ಹೊಸದೇನಾದರೂ ಇನ್‌ಸ್ಟಾಲ್ ಮಾಡಲು ಹೋದರೆ ಅಡ್ಮಿನ್ ಪಾಸ್‌ವರ್ಡ್ ಕೇಳುತ್ತದೆ. ಎಷ್ಟೋ ವೆಬ್‌ಸೈಟ್‌ಗಳು ಬಂದ್.

ಹೋದ ಮಳೆಗಾಲದಲ್ಲಿ ಒಂದು ಲಾರಿಯ ಕ್ಲೇಮ್ ವಾಪಸ್ ಬಂತು. ಚಾಸಿಸ್ ನಂಬರ್ ಓದಲು ಆಗುತ್ತಿಲ್ಲ, ಫೋಟೋ ಯಾವತ್ತು ತೆಗೆದದ್ದು ಅಂತ ಗೊತ್ತಾಗುತ್ತಿಲ್ಲ ಎಂದು ಬರೆದಿದ್ದರು. ನನ್ನ ಫೋನಿನಲ್ಲಿ ತೆಗೆದು ನೋಡಿದರೆ ಆ ನಂಬರಿನ 17 ಅಕ್ಷರವೂ ಸ್ಪಷ್ಟವಾಗಿದ್ದವು. ಫೋನಿನಿಂದ ಕಂಪ್ಯೂಟರಿಗೆ ಬರುವ ದಾರಿಯಲ್ಲೇ ಕೆಟ್ಟಿತ್ತು. ಲಾರಿ ಮಾಲೀಕರಿಗೆ ಇದ್ದದ್ದು ಆ ಒಂದೇ ಗಾಡಿ. ಅದು ಇನ್ನೂ ಎಂಟು ದಿನ ಗ್ಯಾರೇಜಿನಲ್ಲೇ ನಿಂತಿತು. ನನಗೆ ತುಂಬಾ ಬೇಜಾರಾಯಿತು. ಅದೇ ಲಾರಿಯ 42 ಫೋಟೋ, ಸುಮಾರು 160 ಎಂಬಿ, ಜೊತೆಗೆ 130 ಎಂಬಿಯ ಒಂದು ವಿಡಿಯೋ ಇಟ್ಟುಕೊಂಡು ಒಂದೊಂದೇ ದಾರಿಯನ್ನು ಪರೀಕ್ಷಿಸಿದೆ.

ಮೊದಲು ಕೇಬಲ್. ಮನೆಯ ಲ್ಯಾಪ್‌ಟಾಪಿಗೆ ಇದಕ್ಕಿಂತ ಸುಲಭದ್ದು ಇಲ್ಲ. ಫೋನ್ ಚುಚ್ಚಿದ ಮೇಲೆ ಪರದೆಯ ಮೇಲಿಂದ ಕೆಳಗೆ ಎಳೆದು, ಚಾರ್ಜಿಂಗ್ ಅಂತ ಇರುವುದನ್ನು ಫೈಲ್ ಟ್ರಾನ್ಸ್‌ಫರ್ ಅಂತ ಬದಲಿಸಿದರೆ ಸಾಕು. ಹತ್ತು ಸೆಕೆಂಡಿನಲ್ಲಿ 42 ಫೋಟೋ ಬಂದವು. ಕೇಬಲ್ ಮಾತ್ರ ನೋಡಿ ಕೊಳ್ಳಿ. ಅಗ್ಗದ ಕೆಲವು ಕೇಬಲ್‌ಗಳಲ್ಲಿ ಚಾರ್ಜಿಂಗ್ ತಂತಿ ಬಿಟ್ಟರೆ ಡೇಟಾ ತಂತಿಯೇ ಇರುವುದಿಲ್ಲ. ಆಫೀಸಿನಲ್ಲಿ ನನ್ನ ಫೋನ್ ಸುಮ್ನೆ ಚಾರ್ಜ್ ಆಯಿತು, ಅಷ್ಟೇ. ವಿಂಡೋಸಿನಲ್ಲಿ ಪೆನ್ ಡ್ರೈವ್ ತಡೆಯುವ ನಿಯಮ ಬೇರೆ, ಫೋನ್ ತಡೆಯುವ ನಿಯಮ ಬೇರೆ. ಹಾಗಾಗಿ ಕೆಲವು ಆಫೀಸುಗಳಲ್ಲಿ ಪೆನ್ ಡ್ರೈವ್ ತೆರೆಯದಿದ್ದರೂ ಫೋನ್ ತೆರೆಯುತ್ತದೆ. ನಮ್ಮಲ್ಲಿ ಎರಡೂ ಬಂದ್. ಐಟಿ ಹುಡುಗನನ್ನು ಕೇಳಿದೆ. "ಸರ್, ಇದನ್ನ ತೆಗೆಯೋಕೆ ನನಗೂ ಅಧಿಕಾರ ಇಲ್ಲ, ಹೆಡ್ ಆಫೀಸಿಂದಾನೇ ಬಂದ್ ಮಾಡಿದ್ದಾರೆ" ಅಂದ.

ಇನ್ನು ವಾಟ್ಸಾಪ್. ಆ ಲಾರಿಯ ಫೋಟೋ ಕೆಟ್ಟಿದ್ದು ಇಲ್ಲೇ. ನಮ್ಮ ಆಫೀಸಿನಲ್ಲಿ ವಾಟ್ಸಾಪ್ ವೆಬ್ ತೆರೆಯುತ್ತದೆ. ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ, ನಮಗೆ ನಾವೇ ಮೆಸೇಜ್ ಕಳಿಸಿಕೊಳ್ಳುವ ಚಾಟ್‌ಗೆ ಹಾಕಿದರೆ ಆಯಿತು. ಎಲ್ಲರೂ ಹೀಗೇ ಮಾಡುತ್ತಾರೆ, ನಾನೂ ಮಾಡುತ್ತಿದ್ದೆ. ಆದರೆ ಫೋಟೋವನ್ನು ಫೋಟೋ ಆಗಿಯೇ ಕಳಿಸಿದರೆ ವಾಟ್ಸಾಪ್ ಅದನ್ನು ಕುಗ್ಗಿಸುತ್ತದೆ. ನಾಲ್ಕು ಎಂಬಿಯ ಫೋಟೋ ಕೆಲವು ನೂರು ಕೆಬಿಗೆ ಇಳಿದಿತ್ತು. ಮುಖದ ಫೋಟೋ ಆದರೆ ವ್ಯತ್ಯಾಸ ಕಾಣುವುದಿಲ್ಲ. ತುಕ್ಕು ಹಿಡಿದ ಚಾಸಿಸ್ ಮೇಲೆ ಕೊರೆದ ಅಕ್ಷರದಲ್ಲಿ ಚೆನ್ನಾಗಿ ಕಾಣುತ್ತದೆ. 8 ಯಾವುದು, ಬಿ ಯಾವುದು ಅಂತ ತಿಳಿಯದು.

ಇನ್ನೊಂದು ನಷ್ಟ ಕಣ್ಣಿಗೆ ಬೀಳುವುದೇ ಇಲ್ಲ. ಫೋಟೋ ತೆಗೆದ ದಿನ, ಸಮಯ, ಜಾಗ ಎಲ್ಲ ಆ ಫೈಲಿನ ಒಳಗೇ ಬರೆದಿರುತ್ತದೆ. ವಾಟ್ಸಾಪ್ ಅದನ್ನು ಅಳಿಸಿ ಕಳಿಸುತ್ತದೆ. ಕಂಪ್ಯೂಟರಿಗೆ ಇಳಿಸಿಕೊಂಡಾಗ ಫೈಲಿನ ಹೆಸರಿನಲ್ಲಿ ಒಂದು ದಿನಾಂಕ ಇರುತ್ತದೆ ನಿಜ, ಆದರೆ ಅದು ಕಳಿಸಿದ ದಿನದ್ದು. ಸೋಮವಾರ ತೆಗೆದ ಫೋಟೋವನ್ನು ಬುಧವಾರ ಕಳಿಸಿದರೆ ಬುಧವಾರ ಅಂತ ಬರುತ್ತದೆ. ಮನೆಯ ಫೋಟೋಗಳಿಗೆ ಜಾಗದ ಗುರುತು ಅಳಿಸಿ ಹೋಗುವುದು ಒಳ್ಳೆಯದೇ. ಸರ್ವೆ ಫೋಟೋಗೆ ಅದೇ ಸಾಕ್ಷಿ. 2023ರಲ್ಲಿ ಬಂದ ಎಚ್‌ಡಿ ಆಯ್ಕೆಯಲ್ಲಿ ಫೋಟೋ ಎಷ್ಟೋ ವಾಸಿ, ಆದರೂ ಅದು ಮೂಲ ಫೈಲ್ ಅಲ್ಲ.

ಪರಿಹಾರ ಅದರಲ್ಲೇ ಇದೆ. ಪೇಪರ್‌ಕ್ಲಿಪ್ ಗುರುತು ಒತ್ತಿ, ಗ್ಯಾಲರಿ ಬಿಟ್ಟು, ಡಾಕ್ಯುಮೆಂಟ್ ಅಂತ ಆಯ್ದು ಅದೇ ಫೋಟೋ ಕಳಿಸಿ. ಫೈಲ್ ಇದ್ದ ಹಾಗೇ ಬರುತ್ತದೆ. ಹೆಸರು ಅದೇ, ಗಾತ್ರ ಅದೇ, ಒಳಗಿನ ದಿನಾಂಕವೂ ಅದೇ. ಹೀಗೆ 2 ಜಿಬಿವರೆಗೆ ಕಳಿಸಬಹುದು, ನಮ್ಮ ವಿಡಿಯೋ ಕೂಡ ಹೋಯಿತು. ಈ ಒಂದು ವಿಷಯ ಮೊದಲೇ ತಿಳಿದಿದ್ದರೆ ಆ ಲಾರಿ ಎಂಟು ದಿನ ನಿಲ್ಲುತ್ತಿರಲಿಲ್ಲ.

ಆದರೂ ಈಗ ನಾನು ಕೆಲಸಕ್ಕೆ ವಾಟ್ಸಾಪ್ ಬಳಸುವುದಿಲ್ಲ. ಆರ್‌ಸಿ, ಲೈಸೆನ್ಸ್, ಬ್ಯಾಂಕ್ ಪಾಸ್‌ಬುಕ್‌ಗಳ ಫೋಟೋಗಳಲ್ಲಿ ಜನರ ಹೆಸರು, ವಿಳಾಸ, ಖಾತೆ ಸಂಖ್ಯೆ ಇರುತ್ತವೆ. ಅವೆಲ್ಲ ನನ್ನ ಸ್ವಂತ ಚಾಟ್‌ನಲ್ಲಿ ಉಳಿಯುತ್ತವೆ, ಬ್ಯಾಕಪ್ ಜೊತೆ ನನ್ನ ಗೂಗಲ್ ಖಾತೆಗೂ ಹೋಗುತ್ತವೆ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ಸಂರಕ್ಷಣಾ ಕಾಯ್ದೆಯಲ್ಲಿ ಇಂಥ ಮಾಹಿತಿ ಕಾಪಾಡದ ಸಂಸ್ಥೆಗೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅವಕಾಶವಿದೆ. ದಂಡ ಇರಲಿ, ಬಿಡಲಿ, ಯಾರದೋ ಪಾಸ್‌ಬುಕ್ ನನ್ನ ಮನೆಯ ಫೋಟೋಗಳ ನಡುವೆ ಬಿದ್ದಿರುವುದು ಸರಿಯಲ್ಲ ಅಲ್ವಾ?

ಮೇಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜಿಮೇಲ್‌ನಲ್ಲಿ ಒಂದು ಮೇಲ್‌ಗೆ 25 ಎಂಬಿ ಮಿತಿ. ಐದೈದು ಫೋಟೋ ಹಾಕಿ ಒಂಬತ್ತು ಮೇಲ್ ಕಳಿಸಿದೆ. ಕೊನೆಗೆ ಎರಡು ಫೋಟೋ ಎರಡು ಸಲ ಬಂದಿದ್ದವು. ವಿಡಿಯೋ ಹೋಗಲೇ ಇಲ್ಲ. ಒಂದೋ ಎರಡೋ ಪಿಡಿಎಫ್ ಇದ್ದರೆ ಸರಿ.

ಬ್ಲೂಟೂತ್ ನಮ್ಮ ಆಫೀಸಿನಲ್ಲಿ ಆನ್ ಇದೆ. ಅನೇಕ ಕಡೆ ಇದನ್ನೂ ಬಂದ್ ಮಾಡಿರುತ್ತಾರೆ. ಇಲ್ಲಿ ಜನ ಎಡವುವುದು ಒಂದೇ ಜಾಗದಲ್ಲಿ. ಫೋನಿನಿಂದ ಕಳಿಸುವ ಮೊದಲು ಕಂಪ್ಯೂಟರಿನಲ್ಲಿ ಬ್ಲೂಟೂತ್ ಗುರುತು ಒತ್ತಿ, ಫೈಲ್ ಸ್ವೀಕರಿಸುವ ಕಿಟಕಿ ತೆರೆದಿಡಬೇಕು. ತೆರೆಯದಿದ್ದರೆ ಫೋನ್ ಸುಮ್ಮನೆ ವಿಫಲ ಅಂತ ತೋರಿಸುತ್ತದೆ. ಫೋಟೋ ಮೂಲದ ಹಾಗೇ ಬರುತ್ತದೆ, ಇಂಟರ್ನೆಟ್ ಬೇಡ, ಬೇರೆಯವರ ಸರ್ವರ್‌ಗೆ ಹೋಗುವುದೂ ಇಲ್ಲ. ಆದರೆ ನಿಧಾನ. ಒಂದು ಫೋಟೋಗೆ 20 ಸೆಕೆಂಡಿನ ಮೇಲೆ. 42 ಮುಗಿಯುವ ಹೊತ್ತಿಗೆ ಕಾಲು ಗಂಟೆ ದಾಟಿತ್ತು. ನಾಲ್ಕು ಫೋಟೋ ಮರೆತು ಬಂದಾಗ ಈಗಲೂ ಇದನ್ನೇ ಬಳಸುತ್ತೇನೆ.

ಹತ್ತಿರದ ಫೋನಿಗೋ ಕಂಪ್ಯೂಟರಿಗೋ ತಂತಿಯಿಲ್ಲದೆ ಫೈಲ್ ಕಳಿಸುವ ಕ್ವಿಕ್ ಶೇರ್ ಅನ್ನು ಮನೆಯಲ್ಲಿ ನೋಡಿ ಖುಷಿಯಾಯಿತು. ಗೂಗಲ್‌ನ ನಿಯರ್‌ಬೈ ಶೇರ್ ಮತ್ತು ಸ್ಯಾಮ್‌ಸಂಗ್‌ನ ಕ್ವಿಕ್ ಶೇರ್ 2024ರಲ್ಲಿ ಒಂದಾದವು, ವಿಂಡೋಸಿಗೂ ಅದರ ಆ್ಯಪ್ ಇದೆ. ವೇಗ ಕೇಬಲ್‌ಗೆ ಹತ್ತಿರ. ಆಫೀಸಿನಲ್ಲಿ ಮಾತ್ರ ಇನ್‌ಸ್ಟಾಲ್ ಮಾಡಲು ಆಗುವುದಿಲ್ಲ. ಇನ್‌ಸ್ಟಾಲ್ ಬೇಡದ, ಬ್ರೌಸರಿನಲ್ಲೇ ನಡೆಯುವ ಪೇರ್‌ಡ್ರಾಪ್ ನೋಡಿದೆ. ಕಂಪ್ಯೂಟರ್ ಇರುವುದು ಆಫೀಸಿನ ತಂತಿ ನೆಟ್‌ವರ್ಕಿನಲ್ಲಿ, ಫೋನ್ ಇರುವುದು ಅತಿಥಿಗಳ ವೈಫೈನಲ್ಲಿ. ಒಂದಕ್ಕೊಂದು ಕಾಣಲಿಲ್ಲ. ಕಂಪ್ಯೂಟರನ್ನು ನನ್ನ ಹಾಟ್‌ಸ್ಪಾಟ್‌ಗೆ ಸೇರಿಸಿದರೆ ಆಗುತ್ತಿತ್ತೇನೋ, ಆದರೆ ಅದು ಆಫೀಸಿನ ಬೇಲಿ ಹಾರಿದ ಹಾಗೆ. ಅದು ಬೇಡ ಅನ್ನಿಸಿತು. ಹಿರಿಯ ಸಹೋದ್ಯೋಗಿಯೊಬ್ಬರು ಫೈಲ್ ಕಳಿಸುವ ಶೇರ್‌ಇಟ್ ಆ್ಯಪ್ ಹಾಕಿಕೊಳ್ಳಿ ಅಂದರು. ಅದನ್ನೂ ಕ್ಸೆಂಡರ್, ಕ್ಯಾಮ್‌ಸ್ಕ್ಯಾನರ್‌ಗಳನ್ನೂ ಭಾರತ ಸರ್ಕಾರ 2020ರ ಜೂನ್‌ನಲ್ಲೇ ನಿಷೇಧಿಸಿದೆ.

ಕೊನೆಗೆ ಉಳಿದದ್ದು ಆಫೀಸಿನದೇ ಒನ್‌ಡ್ರೈವ್, ಅಂದರೆ ಇಂಟರ್ನೆಟ್ ಮೂಲಕ ಫೈಲ್ ಇಡುವ ಮೈಕ್ರೋಸಾಫ್ಟಿನ ಜಾಗ. ಅದು ನಮ್ಮ ಕಂಪ್ಯೂಟರಿನಲ್ಲಿ ಮೊದಲಿಂದಲೂ ಇತ್ತು, ಫೋನಿನಲ್ಲಿ ಹಾಕಿಕೊಳ್ಳಬಹುದು ಅಂತ ಮಾತ್ರ ಯಾರೂ ಹೇಳಿರಲಿಲ್ಲ. ಐಟಿಗೆ ಒಂದು ಮೇಲ್ ಬರೆದೆ. ಯಾಕೆ ಬೇಕು, ಯಾವ ಫೈಲ್, ದಿನಕ್ಕೆ ಎಷ್ಟು ಅಂತ ನಾಲ್ಕು ಸಾಲು. ಮೂರನೇ ದಿನ ಅನುಮತಿ ಬಂತು. ಫೋನಿನ ಡೇಟಾದಲ್ಲಿ 42 ಫೋಟೋ ಏರಲು ಮೂರು ನಿಮಿಷ ಹಿಡಿಯಿತು. ವಿಡಿಯೋಗೆ ಇನ್ನೆರಡು ನಿಮಿಷ. ಚಾಸಿಸ್ ನಂಬರ್ ಸ್ಪಷ್ಟ, ತೆಗೆದ ಸಮಯವೂ ಸರಿ. ಕಾಗದಗಳನ್ನು ಆ ಆ್ಯಪಿನಲ್ಲೇ ಸ್ಕ್ಯಾನ್ ಮಾಡಿದರೆ ಪಿಡಿಎಫ್ ಆಗಿ ಸೇರುತ್ತದೆ, ಆರ್‌ಸಿ ಫೋಟೋ ನನ್ನ ಗ್ಯಾಲರಿಗೆ ಬರುವುದೇ ಇಲ್ಲ.

ಆಫೀಸಿನ ಆ್ಯಪ್ ಹಾಕಿಕೊಂಡರೆ ಫೋನ್ ಪೂರ್ತಿ ಆಫೀಸಿನವರ ಕೈಗೆ ಹೋಗುತ್ತದೆ ಎಂದು ಕೆಲವರು ಹೆದರುತ್ತಾರೆ. ಕೇಳಿ ತಿಳಿದುಕೊಳ್ಳುವುದೇ ಸರಿ. ಕೆಲವು ಕಡೆ ಇಡೀ ಫೋನಿನ ಮೇಲೆ ಹಿಡಿತ ಇರುತ್ತದೆ, ಕೆಲವು ಕಡೆ ಆ ಆ್ಯಪ್‌ಗೆ ಮಾತ್ರ. ನಮ್ಮದು ಎರಡನೆಯದು, ಅದಕ್ಕೆ ಬೇರೆ ಪಿನ್ ಇದೆ. ಕ್ಯಾಮೆರಾ ಅಪ್‌ಲೋಡ್ ಅನ್ನು ಮಾತ್ರ ಆಫ್ ಇಟ್ಟಿದ್ದೇನೆ. ಇಲ್ಲದಿದ್ದರೆ ಮಗಳ ಹುಟ್ಟುಹಬ್ಬದ ಫೋಟೋಗಳೂ ಆಫೀಸಿಗೆ ಹೋದಾವು.

ಕಂಪ್ಯೂಟರಿನಿಂದ ಫೋನಿಗೆ ಬರುವಾಗಲೂ ಒಂದು ತೊಂದರೆ ಇದೆ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ವರ್ಡ್ ಫೈಲ್ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಯಾವ ದಾರಿಯಲ್ಲಿ ಕಳಿಸಿದರೂ ಅಷ್ಟೇ. ಕಳಿಸುವ ಮೊದಲು ಪಿಡಿಎಫ್ ಮಾಡಿ, ಇಲ್ಲವೇ ಯುನಿಕೋಡ್‌ಗೆ ಬದಲಿಸಿ.

ಈಗ ಗ್ಯಾರೇಜಿನಲ್ಲಿ ನಿಂತೇ ಅಪ್‌ಲೋಡ್ ಒತ್ತುತ್ತೇನೆ. ಏರುವಷ್ಟು ಹೊತ್ತು ಮೆಕ್ಯಾನಿಕ್ ಜೊತೆ ಎಸ್ಟಿಮೇಟ್ ಮಾತಾಡುತ್ತೇನೆ. ಬೈಕ್ ಹತ್ತುವ ಮುಂಚೆ ಒನ್‌ಡ್ರೈವ್‌ನಲ್ಲಿ ಏರಿದ ಚಾಸಿಸ್ ಫೋಟೋ ತೆರೆದು, ದೊಡ್ಡದು ಮಾಡಿ, 17 ಅಕ್ಷರವನ್ನೂ ಒಂದೊಂದಾಗಿ ಓದುತ್ತೇನೆ.